ಡಿವಿಡಿ ಚೂರು, ಎರಡು ಬ್ಲೇಡು, ಒಂದು ಕಪ್ಪು ಪೆಟ್ಟಿಗೆ: ರೋಹಿತದರ್ಶಕ ಕಟ್ಟಿದ ಟಿಪ್ಪಣಿ

ಸಿಡಿಯನ್ನು ದೀಪದ ಕೆಳಗೆ ಓರೆಯಾಗಿ ಹಿಡಿದರೆ ಬಣ್ಣಗಳು ಹರಿದಾಡುತ್ತವೆ. ನೋಡಲು ಚೆಂದ, ಆದರೆ ಅದರಿಂದ ಅಳೆಯುವಂಥದ್ದೇನೂ ಸಿಗುವುದಿಲ್ಲ. ದೀಪ ಯಾವುದೇ ಇರಲಿ, ಹೆಚ್ಚುಕಡಿಮೆ ಅದೇ ಕಲಸುಮೇಲೋಗರ. ನನಗೆ ಬೇಕಿದ್ದದ್ದು ಒಂದು ದೀಪಕ್ಕೂ ಇನ್ನೊಂದಕ್ಕೂ ಇರುವ ವ್ಯತ್ಯಾಸ ತೋರಿಸುವ, ಬಣ್ಣವೊಂದರ ತರಂಗದೂರವನ್ನು (ಬೆಳಕಿನ ಅಲೆಯ ಒಂದು ಏರಿನಿಂದ ಮುಂದಿನ ಏರಿಗಿರುವ ದೂರ) ಅಂಕಿಯಲ್ಲಿ ಕೊಡುವ ಪೆಟ್ಟಿಗೆ. ಅಂದರೆ ರೋಹಿತದರ್ಶಕ, ಸ್ಪೆಕ್ಟ್ರೋಸ್ಕೋಪ್; ರೋಹಿತ ಎಂದರೆ ಬೆಳಕನ್ನು ಬಿಡಿಸಿದಾಗ ಸಿಗುವ ಬಣ್ಣಗಳ ಸಾಲು. ಸಾಮಾನು ತೀರಾ ಕಡಿಮೆ: ಒಂದು ಖಾಲಿ ಡಿವಿಡಿ, ಎರಡು ಬ್ಲೇಡು, ದಪ್ಪ ರಟ್ಟು, ಕಪ್ಪು ಕಾಗದ, ಅಂಟುಪಟ್ಟಿ, ಕ್ಯಾಮೆರಾ ಇರುವ ಮೊಬೈಲ್. ಇವುಗಳಲ್ಲಿ ಎಲ್ಲರ ಕಣ್ಣೂ ಮೊದಲು ಡಿವಿಡಿಯ ಮೇಲೆ ಬೀಳುತ್ತದೆ. ಕಟ್ಟಿ ಮುಗಿಸಿದ ಮೇಲೆ ನನ್ನ ಅಭಿಪ್ರಾಯವೇ ಬೇರೆ. ಉಪಕರಣದ ಯೋಗ್ಯತೆಯೆಲ್ಲ ನಿಂತಿರುವುದು ಆ ಬ್ಲೇಡುಗಳ ನಡುವಿನ ಸಂದಿಯ ಮೇಲೆ. ಹಾಗಾಗಿ ಇಲ್ಲಿ ಸಂದಿಗೇ ಹೆಚ್ಚು ಜಾಗ ಕೊಟ್ಟಿದ್ದೇನೆ.

ತಟ್ಟೆಯನ್ನು ಬಿಡಿಸುವುದು

ಸಿಡಿ, ಡಿವಿಡಿ ಎರಡರಲ್ಲೂ ಮಾಹಿತಿ ಕೂರುವುದು ಒಳಗಿನಿಂದ ಹೊರಗೆ ಸುತ್ತುತ್ತ ಹೋಗುವ ಒಂದೇ ಒಂದು ಉದ್ದನೆಯ ಸುರುಳಿಯಲ್ಲಿ. ಅಕ್ಕಪಕ್ಕದ ಸುತ್ತುಗಳ ನಡುವಿನ ಅಂತರ ಸಿಡಿಯಲ್ಲಿ 1.6 ಮೈಕ್ರೊಮೀಟರ್, ಡಿವಿಡಿಯಲ್ಲಿ 0.74 ಮೈಕ್ರೊಮೀಟರ್. ಅಂದರೆ ಡಿವಿಡಿಯ ಒಂದು ಮಿಲಿಮೀಟರ್ ಜಾಗದಲ್ಲಿ ಸುಮಾರು 1350 ಗೆರೆಗಳು! ಒಂದು ಲೆಕ್ಕ ಮಾಡಿ ನೋಡಿ: ಸುರುಳಿ ತಟ್ಟೆಯ ಮಧ್ಯದಿಂದ 24 ಮಿ.ಮೀ. ದೂರದಲ್ಲಿ ಶುರುವಾಗಿ 58 ಮಿ.ಮೀ.ವರೆಗೆ ಹೋಗುತ್ತದೆ ಎಂದಿಟ್ಟುಕೊಳ್ಳಿ. ಆ ಉಂಗುರದ ವಿಸ್ತೀರ್ಣವನ್ನು ಗೆರೆಗಳ ಅಂತರದಿಂದ ಭಾಗಿಸಿದರೆ ಸುರುಳಿಯ ಉದ್ದ ಬರುತ್ತದೆ. ಉತ್ತರ 11 ಕಿಲೋಮೀಟರಿಗೂ ಹೆಚ್ಚು. ಅಷ್ಟು ಉದ್ದದ ಗೆರೆಯನ್ನು ಅಷ್ಟು ನೇರ್ಪಾಗಿ ಕೊರೆದು ಯಾರೋ ನಮ್ಮ ಕೈಗೆ ಕೊಟ್ಟಿದ್ದಾರೆ.

ಬೆಳಕಿನ ತರಂಗದೂರದಷ್ಟೇ ಅಳತೆಯ ಅಂತರದಲ್ಲಿ ಸಾಲಾಗಿ ಕೂತ ಗೆರೆಗಳನ್ನು ಗ್ರೇಟಿಂಗ್ ಎನ್ನುತ್ತಾರೆ. ಒಂದೊಂದು ಗೆರೆಯಿಂದ ಹೊರಟ ಅಲೆಯೂ ಪಕ್ಕದ ಗೆರೆಯ ಅಲೆಯೊಡನೆ ಸೇರುತ್ತದೆ. ಏರಿಗೆ ಏರು ಕೂಡುವ ದಿಕ್ಕಿನಲ್ಲಿ ಬೆಳಕು ಉಳಿಯುತ್ತದೆ, ಉಳಿದ ದಿಕ್ಕುಗಳಲ್ಲಿ ಅಳಿಸಿಹೋಗುತ್ತದೆ. ಹೀಗೆ ಕೂಡುವ ದಿಕ್ಕು ತರಂಗದೂರಕ್ಕೆ ತಕ್ಕಂತೆ ಬದಲಾಗುವುದರಿಂದ ಒಂದೊಂದು ಬಣ್ಣವೂ ಒಂದೊಂದು ಕೋನಕ್ಕೆ ಹೊರಡುತ್ತದೆ. ಗಾಜಿನ ಪಟ್ಟಕ (ಪ್ರಿಸಂ) ಬಣ್ಣ ಬಿಡಿಸುವುದು ವಕ್ರೀಭವನದಿಂದ. ಅಲ್ಲಿ ಕೆಂಪಿಗಿಂತ ನೇರಳೆ ಹೆಚ್ಚು ಬಾಗುತ್ತದೆ. ಇಲ್ಲಿ ತಿರುವುಮುರುವು, ಕೆಂಪೇ ಹೆಚ್ಚು ಬಾಗುತ್ತದೆ.

ಡಿವಿಡಿ ಒಳಗಿನಿಂದ ನೋಡಿದರೆ ಒಂದಲ್ಲ, ಎರಡು ತಟ್ಟೆ. ತಲಾ 0.6 ಮಿ.ಮೀ. ದಪ್ಪದ ಎರಡು ಪಾಲಿಕಾರ್ಬೊನೇಟ್ ಹಾಳೆಗಳನ್ನು ಬೆನ್ನಿಗೆ ಬೆನ್ನು ಅಂಟಿಸಿರುತ್ತಾರೆ. ಅಂಚನ್ನು ಗಮನಿಸಿದರೆ ನಡುವೆ ಕೂದಲೆಳೆಯಂಥ ಬೆಸುಗೆ ಕಾಣುತ್ತದೆ. ಅಲ್ಲಿ ತೆಳ್ಳಗಿನ ಬ್ಲೇಡಿನ ಮೂಲೆ ಸೇರಿಸಿ, ಸುತ್ತಲೂ ಸ್ವಲ್ಪಸ್ವಲ್ಪವೇ ಸಡಿಲಿಸುತ್ತ ಬಂದರೆ ತಟ್ಟೆ ಎರಡಾಗಿ ಬಿಡುತ್ತದೆ. ಈ ಕೆಲಸ ದೊಡ್ಡವರ ಕೈಯಲ್ಲೇ ಆಗಲಿ. ಪ್ಲಾಸ್ಟಿಕ್ ಸಿಡಿದು ಚೂರು ಹಾರುವುದುಂಟು, ಕನ್ನಡಕ ಹಾಕಿಕೊಳ್ಳಬೇಕು. ಬೆಳ್ಳಿಯಂತೆ ಹೊಳೆಯುವ ಪದರ ಸಾಮಾನ್ಯವಾಗಿ ಮೇಲಿನ ಅರ್ಧಕ್ಕೆ ಅಂಟಿಕೊಂಡು ಹೋಗುತ್ತದೆ. ನಮಗೆ ಬೇಕಾದದ್ದು ಇನ್ನೊಂದು, ನೇರಳೆ ಬಣ್ಣ ಬಳಿದಂತೆ ಕಾಣುವ ಪಾರದರ್ಶಕ ಅರ್ಧ. ಆ ನೇರಳೆ, ಒಮ್ಮೆ ಮಾತ್ರ ಬರೆಯಬಹುದಾದ ಡಿವಿಡಿ-ಆರ್ ತಟ್ಟೆಗಳಲ್ಲಿ ಬರೆಯಲು ಬಳಸುವ ಸಾವಯವ ಬಣ್ಣ. ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಹತ್ತಿಯಿಂದ ಮೆಲ್ಲಗೆ ಒರೆಸಿದರೆ ಹೋಗಿಬಿಡುತ್ತದೆ. ಮತ್ತೆ ಮತ್ತೆ ಬರೆಯಬಹುದಾದ ಆರ್‌ಡಬ್ಲ್ಯೂ ತಟ್ಟೆ ಮಾತ್ರ ತೆಗೆದುಕೊಳ್ಳಬೇಡಿ, ಅದರ ಲೋಹದ ಪದರ ಒರೆಸಿದರೆ ಬರುವಂಥದ್ದಲ್ಲ.

ಬಿಡಿಸಿದ ಹಾಳೆಯ ಹೊರ ಅಂಚಿನ ಹತ್ತಿರ ಎರಡು ಸೆಂಟಿಮೀಟರ್ ಚೌಕ ಗುರುತು ಮಾಡಿಕೊಂಡೆ. ಹೊರ ಅಂಚೇ ಏಕೆಂದರೆ ಅಲ್ಲಿ ಸುರುಳಿಯ ಬಾಗು ಕಡಿಮೆ, ಸಣ್ಣ ಚೂರಿನೊಳಗೆ ಗೆರೆಗಳು ಹೆಚ್ಚುಕಡಿಮೆ ನೇರ. ಕತ್ತರಿಸುವ ಮೊದಲು ಗೆರೆಗಳು ಓಡುವ ದಿಕ್ಕಿಗೆ, ಅಂದರೆ ಅಂಚಿಗೆ ಸಮಾನಾಂತರವಾಗಿ, ಮೂಲೆಯಲ್ಲೊಂದು ಬಾಣ ಬರೆದುಕೊಳ್ಳಿ. ಚೂರಾದ ಮೇಲೆ ಯಾವ ದಿಕ್ಕು ಯಾವುದೆಂದು ಕಣ್ಣಿಗೆ ತಿಳಿಯುವುದಿಲ್ಲ. ಗೆರೆ ಇರುವ ಮುಖಕ್ಕೆ ಬೆರಳು ತಾಗಿಸಬಾರದು. ಚರ್ಮದ ಎಣ್ಣೆ ಗೆರೆಗಳ ತಗ್ಗನ್ನು ತುಂಬಿಬಿಡುತ್ತದೆ.

ಸಂದಿ

ಈಗ ಅಸಲು ವಿಷಯ. ಪೆಟ್ಟಿಗೆಯ ಒಂದು ತುದಿಯಲ್ಲಿ ಬೆಳಕು ಒಳಬರುವ ಸಣ್ಣ ಸೀಳು ಬೇಕು. ಏಕೆ ಬೇಕು ಎನ್ನುವುದಕ್ಕೆ ಒಂದು ಪ್ರಯೋಗ ಮಾಡಿದೆ, ನೀವೂ ಮಾಡಿ. ಸೀಳಿನ ಜಾಗದಲ್ಲಿ ಕಪ್ಪು ಕಾಗದ ಇಟ್ಟು ಅದರಲ್ಲಿ ಒಂದು ಸೆಂಟಿಮೀಟರಿಗಿಂತ ಚಿಕ್ಕದಾಗಿ ‘ಗ’ ಅಕ್ಷರ ಕೊರೆಯಿರಿ. ಗ್ರೇಟಿಂಗ್ ಮೂಲಕ ಸಿಎಫ್‌ಎಲ್ ದೀಪ ನೋಡಿದರೆ ಒಂದು ನೀಲಿ ‘ಗ’, ಒಂದು ಹಸಿರು ‘ಗ’, ಒಂದು ಕೆಂಪು ‘ಗ’ ಸಾಲಾಗಿ ನಿಂತಿರುತ್ತವೆ, ಅಂಚಿನಲ್ಲಿ ಒಂದರ ಮೇಲೊಂದು ಹತ್ತಿಕೊಂಡು. ಅದೇ ಕಿಂಡಿಯಿಂದ ಬಿಳಿ ಎಲ್‌ಇಡಿ ನೋಡಿದರೆ ಅಕ್ಷರವೇ ಇಲ್ಲ, ಬರೀ ಬಣ್ಣದ ಪಟ್ಟೆ.

ಇದರರ್ಥ ಗ್ರೇಟಿಂಗ್ ಮಾಡುವ ಕೆಲಸ ಇಷ್ಟೇ: ಬೆಳಕಿನಲ್ಲಿ ಎಷ್ಟು ತರಂಗದೂರಗಳಿವೆಯೋ ಅಷ್ಟು ಸಲ ಕಿಂಡಿಯ ಚಿತ್ರವನ್ನು ನಕಲು ಮಾಡಿ ಪಕ್ಕಪಕ್ಕದಲ್ಲಿ ಇಡುವುದು. ಸಿಎಫ್‌ಎಲ್‌ನಲ್ಲಿ ಕೆಲವೇ ತರಂಗದೂರಗಳು ಪ್ರಬಲ, ಆದ್ದರಿಂದ ಕೆಲವೇ ನಕಲು. ಎಲ್‌ಇಡಿಯಲ್ಲಿ ಅಸಂಖ್ಯ, ಆದ್ದರಿಂದ ನಕಲುಗಳು ಒಂದರ ಮೇಲೊಂದು ಬಿದ್ದು ಅಕ್ಷರ ಕರಗಿಹೋಗುತ್ತದೆ. ವಿಜ್ಞಾನದ ಪುಸ್ತಕಗಳ ಚಿತ್ರಗಳಲ್ಲಿ ರೋಹಿತದ ರೇಖೆಗಳು ಉದ್ದನೆಯ ಗೆರೆಗಳಾಗಿ ಕಾಣುವುದು ಪರಮಾಣುವಿನ ಗುಣದಿಂದಲ್ಲ, ಕಿಂಡಿ ಉದ್ದನೆಯ ಸೀಳಾಗಿದ್ದರಿಂದ. ಕಿಂಡಿ ಅಗಲವಾದಷ್ಟೂ ನಕಲುಗಳು ಅಗಲ, ಪಕ್ಕಪಕ್ಕದವು ಬೆರೆತು ಒಂದಾಗುತ್ತವೆ. ಕಿಂಡಿ ಸಣ್ಣದಾದಷ್ಟೂ ಬಿಡಿಬಿಡಿ.

ಚರಿತ್ರೆಯೂ ಇದನ್ನೇ ಹೇಳುತ್ತದೆ. ನ್ಯೂಟನ್ ಕತ್ತಲೆ ಕೋಣೆಯೊಳಕ್ಕೆ ಬಿಸಿಲನ್ನು ಬಿಟ್ಟುಕೊಂಡ ಹೆಸರಾಂತ ಪ್ರಯೋಗದಲ್ಲಿದ್ದದ್ದು ದುಂಡನೆಯ ರಂಧ್ರ. ಬಣ್ಣಗಳು ಬಂದವು, ಒಂದರೊಳಗೊಂದು ಬೆರೆತು ಬಂದವು. 1802ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ವುಲಾಸ್ಟನ್ ಸಣ್ಣ ಸೀಳು ಬಳಸಿದಾಗ ಸೂರ್ಯನ ರೋಹಿತದಲ್ಲಿ ಕೆಲವು ಕಪ್ಪು ಗೆರೆಗಳು ಕಂಡವು. ಆತ ಅವುಗಳಲ್ಲಿ ಹೆಚ್ಚಿನವನ್ನು ಬಣ್ಣಗಳ ನಡುವಿನ ಗಡಿ ಎಂದುಕೊಂಡ. 1814ರಲ್ಲಿ ಜರ್ಮನಿಯ ಗಾಜಿನ ಕುಶಲಕರ್ಮಿ ಫ್ರಾನ್‌ಹೋಫರ್ ಒಳ್ಳೆಯ ಪಟ್ಟಕ, ಸಣ್ಣ ಸೀಳು, ದೂರದರ್ಶಕ ಮೂರನ್ನೂ ಜೋಡಿಸಿ ನೋಡಿದಾಗ ಅಂಥ ಗೆರೆಗಳು ಐನೂರಕ್ಕೂ ಹೆಚ್ಚು ಸಿಕ್ಕವು. ಮುಂದೆ ಈತ ಸ್ಕ್ರೂ ಎಳೆಗಳ ಮೇಲೆ ಸಣ್ಣ ತಂತಿಗಳನ್ನು ಸಾಲಾಗಿ ಕೂರಿಸಿ ಗ್ರೇಟಿಂಗನ್ನೂ ಮಾಡಿದ. ನಮ್ಮ ಡಿವಿಡಿ ಚೂರಿನ ಹಿರಿಯಜ್ಜ ಅದು.

ಸೀಳಿಗೆ ಏನು ಬಳಸಬೇಕು? ಕಾಗದದ ಅಂಚು ಬರಿಗಣ್ಣಿಗೆ ನೇರ, ಭೂತಗನ್ನಡಿಯಲ್ಲಿ ನೋಡಿದರೆ ನಾರುನಾರು. ಅಲ್ಯೂಮಿನಿಯಂ ಹಾಳೆಯಲ್ಲಿ ಕೊರೆದ ಸೀಳು ಸೊಟ್ಟಗಾಗುತ್ತದೆ. ಬ್ಲೇಡಿನ ಅಲಗಿನಷ್ಟು ನೇರವಾದ ಅಂಚು ಮನೆಯಲ್ಲಿ ಬೇರೆ ಸಿಗಲಾರದು. ಪೆನ್ಸಿಲ್ ಶಾರ್ಪನರಿನಿಂದ ಬಿಚ್ಚಿದ ಎರಡು ಬ್ಲೇಡು ಸಾಕು, ಅವು ಸಣ್ಣವು, ದಪ್ಪನೆಯವು, ಬಾಗುವುದಿಲ್ಲ. ರಟ್ಟಿನಲ್ಲಿ ಒಂದು ಸೆಂಟಿಮೀಟರ್ ಕಿಂಡಿ ಕೊರೆದು, ಅದರ ಮೇಲೆ ಒಂದು ಬ್ಲೇಡನ್ನು ಮೊದಲು ಗಟ್ಟಿಯಾಗಿ ಅಂಟಿಸಿದೆ. ಎರಡನೆಯದರ ಅಲಗನ್ನು ಮೊದಲನೆಯದಕ್ಕೆ ಎದುರಾಗಿ ತಂದು, ನಡುವೆ ಎರಡು ಹಾಳೆ ಬರೆಯುವ ಕಾಗದವನ್ನು ನೆಟ್ಟಗೆ ನಿಲ್ಲಿಸಿ, ಮೆತ್ತಗೆ ಒತ್ತಿ ಅಂಟಿಸಿ, ಕಾಗದ ಎಳೆದುಬಿಟ್ಟೆ. ಸಾಧಾರಣ ಕಾಗದದ ದಪ್ಪ ಸುಮಾರು 0.1 ಮಿ.ಮೀ., ಹಾಗಾಗಿ ಸಂದಿ ಸುಮಾರು 0.2 ಮಿ.ಮೀ. ಇದನ್ನೂ ದೊಡ್ಡವರ ಜೊತೆ ಕೂತು ಮಾಡಿ. ಅಂಟಿಸಿದ ಮೇಲೆ ಹೊರಗೆ ಉಳಿಯುವ ಅಲಗಿನ ತುದಿಗಳನ್ನು ದಪ್ಪ ಪಟ್ಟಿಯಿಂದ ಮುಚ್ಚಿಬಿಡಬೇಕು.

ಎರಡು ಅಲಗು ಸಮಾನಾಂತರವಾಗಿವೆಯೇ ಎಂದು ಅಳೆಯಲು ಹೋಗಬೇಡಿ. ಪೆಟ್ಟಿಗೆ ಮುಗಿದ ಮೇಲೆ ರೋಹಿತವೇ ಹೇಳುತ್ತದೆ. ರೇಖೆಯ ಒಂದು ತುದಿ ದಪ್ಪ, ಇನ್ನೊಂದು ಸಣ್ಣ ಎಂದು ಕಂಡರೆ ಸಂದಿ ಬೆಣೆಯಾಕಾರವಾಗಿದೆ ಎಂದೇ ಅರ್ಥ.

ಪೆಟ್ಟಿಗೆಯ ಕೋನ

ಸಂದಿಯಿಂದ ಗ್ರೇಟಿಂಗಿಗೆ 20 ಸೆಂ.ಮೀ. ದೂರ ಇಟ್ಟೆ. ಅದಕ್ಕಿಂತ ಹತ್ತಿರವಾದರೆ ಸಂದಿ ಕ್ಯಾಮೆರಾಕ್ಕೆ ಅಗಲವಾಗಿ ಕಾಣುತ್ತದೆ, ಕೆಲವು ಮೊಬೈಲುಗಳಿಗೆ ಫೋಕಸ್ಸೂ ಆಗುವುದಿಲ್ಲ. ಇನ್ನು ಗ್ರೇಟಿಂಗನ್ನು ಯಾವ ಓರೆಯಲ್ಲಿ ನಿಲ್ಲಿಸುವುದು? ಊಹೆಗೆ ಬಿಡಬೇಕಾಗಿಲ್ಲ, ಲೆಕ್ಕ ಇದೆ. ನನಗೆ ಬೇಕಿದ್ದದ್ದು ಡಿವಿಡಿ ಚೂರು ಮೊಬೈಲಿನ ಕ್ಯಾಮೆರಾ ಮೇಲೆ ಚಪ್ಪಟೆಯಾಗಿ ಕೂತು, ರೋಹಿತದ ಹಸಿರು ಭಾಗ ಚಿತ್ರದ ನಡುವೆ ಬೀಳುವುದು. ಅದಕ್ಕೆ ಬೆಳಕು ಗ್ರೇಟಿಂಗಿಗೆ ಓರೆಯಾಗಿ ಬಂದು ನೇರವಾಗಿ ಹೊರಡಬೇಕು. ಆ ಓರೆಯ ಕೋನದ ಸೈನ್ ಬೆಲೆ ಎಂದರೆ ತರಂಗದೂರವನ್ನು ಗೆರೆಗಳ ಅಂತರದಿಂದ ಭಾಗಿಸಿದ್ದು. ಹಸಿರಿಗೆ 546 ನ್ಯಾನೊಮೀಟರ್ (ಮೈಕ್ರೊಮೀಟರಿನ ಸಾವಿರದ ಒಂದು ಭಾಗ ಒಂದು ನ್ಯಾನೊಮೀಟರ್), ಡಿವಿಡಿ ಗೆರೆಗಳ ಅಂತರ 740 ನ್ಯಾನೊಮೀಟರ್, ಭಾಗಲಬ್ಧ 0.738, ಕೋನ ಸುಮಾರು 47 ಡಿಗ್ರಿ. ನಾನು 45 ಡಿಗ್ರಿಗೆ ಕತ್ತರಿಸಿದೆ, ಕಾಗದವನ್ನು ಮೂಲೆಯಿಂದ ಮೂಲೆಗೆ ಮಡಿಸಿದರೆ ಸಿಗುವ ಕೋನ ಅದು. ಎರಡು ಡಿಗ್ರಿಯಿಂದ ಏನೂ ಕೆಡುವುದಿಲ್ಲ, ಹಸಿರು ನಡುವಿನಿಂದ ಚೂರು ಸರಿಯುತ್ತದೆ ಅಷ್ಟೆ.

ಡಿವಿಡಿ ಸಿಗದೆ ಸಿಡಿಯನ್ನೇ ಬಳಸುವವರು ಇದೇ ಲೆಕ್ಕ ಮಾಡಿ: 546ನ್ನು 1600ರಿಂದ ಭಾಗಿಸಿದರೆ 0.341, ಕೋನ 20 ಡಿಗ್ರಿ. ಸಿಡಿಯಲ್ಲಿ ಗೆರೆಗಳಿರುವುದು ಲೇಬಲಿನ ಬೆನ್ನಿಗೇ, ಅಗಲ ಅಂಟುಪಟ್ಟಿ ಒತ್ತಿ ಎಳೆದರೆ ಹೊಳೆಯುವ ಪದರ ಕಿತ್ತು ಬರುತ್ತದೆ. ಬಣ್ಣಗಳು ಅರ್ಧಕ್ಕಿಂತಲೂ ಕಡಿಮೆ ಹರಡುತ್ತವೆ, ಆದರೆ ಪ್ರಕಾಶಮಾನವಾಗಿರುತ್ತವೆ. ಬರೀ ನೋಡಿ ಸಂತೋಷಪಡಲು ಸಿಡಿ ಸಾಕು, ಅಳೆಯಲು ಡಿವಿಡಿ.

ಚೂರಿನ ಬಾಣ ಮತ್ತು ಸಂದಿ ಒಂದೇ ದಿಕ್ಕಿಗೆ, ಎರಡೂ ಲಂಬವಾಗಿ ಇರಲಿ. ಗೆರೆಗಳಿಗೂ ಸಂದಿಗೂ ಓರೆ ಬಂದರೆ ರೇಖೆಗಳು ವಾಲುತ್ತವೆ, ಜೊತೆಗೆ ಮಸುಕಾಗುತ್ತವೆ. ಎಲ್ಲ ಸರಿಯಾಗಿದ್ದರೂ ರೇಖೆಗಳು ಸ್ವಲ್ಪ ಬಿಲ್ಲಿನಂತೆ ಬಾಗಿ ಕಾಣುವುದುಂಟು, ಅದು ಗ್ರೇಟಿಂಗಿನ ಸ್ವಭಾವ.

ಪೆಟ್ಟಿಗೆಯ ಒಳಗೆಲ್ಲ ಕಪ್ಪು ಕಾಗದ. ಇಲ್ಲೊಂದು ವಿಚಿತ್ರ ಕಂಡಿತು. ಎದುರಿನಿಂದ ನೋಡಿದರೆ ಇದ್ದಿಲಿನಂತೆ ಕಪ್ಪಾಗಿದ್ದ ಕಾಗದವೇ, ಪೆಟ್ಟಿಗೆಯ ಉದ್ದಕ್ಕೆ ಕಣ್ಣು ಹಾಯಿಸಿದಾಗ ಕನ್ನಡಿಯಂತೆ ಮಿರುಗುತ್ತಿತ್ತು. ತೀರಾ ಓರೆಯಲ್ಲಿ ಬೀಳುವ ಬೆಳಕನ್ನು ಯಾವ ನುಣುಪು ಮೇಲ್ಮೈಯೂ ಚೆನ್ನಾಗಿ ಪ್ರತಿಫಲಿಸುತ್ತದೆ. ಆ ಮಿರುಗು ಗ್ರೇಟಿಂಗಿಗೆ ಬಂದು ರೋಹಿತದ ಮೇಲೆ ಬೂದು ಮುಸುಕು ಹಾಕುತ್ತದೆ. ಇನ್ನಷ್ಟು ಕಪ್ಪು ಬಳಿಯುವುದರಿಂದ ಪ್ರಯೋಜನವಿಲ್ಲ. ಪೆಟ್ಟಿಗೆಯ ನಡುಮಧ್ಯದಲ್ಲಿ ಒಂದು ಅಡ್ಡಗೋಡೆ ನಿಲ್ಲಿಸಿ, ಅದರಲ್ಲಿ ಒಂದು ಸೆಂಟಿಮೀಟರಿನ ಕಿಂಡಿ ಬಿಟ್ಟರೆ ಗೋಡೆ ಸವರಿಕೊಂಡು ಬರುವ ಬೆಳಕು ಅಲ್ಲೇ ನಿಲ್ಲುತ್ತದೆ. ಈ ಒಂದು ರಟ್ಟಿನ ತುಂಡಿನಿಂದ ಚಿತ್ರದ ಹಿನ್ನೆಲೆ ನಿಜವಾದ ಕಪ್ಪಾಯಿತು. ಮೊಬೈಲು ಮತ್ತು ಪೆಟ್ಟಿಗೆಯ ನಡುವಿನ ಬಿರುಕಿಗೆ ಕಪ್ಪು ಬಟ್ಟೆ ಸುತ್ತಿದೆ.

ಮೊದಲ ದೀಪ

ಹೊಸ ರೋಹಿತದರ್ಶಕಕ್ಕೆ ಮೊದಲು ತೋರಿಸಬೇಕಾದದ್ದು ಸಿಎಫ್‌ಎಲ್ ಅಥವಾ ಟ್ಯೂಬ್‌ಲೈಟು. ಅದರೊಳಗಿನ ಪಾದರಸದ ಆವಿ ಹೊರಸೂಸುವ ರೇಖೆಗಳ ವಿಳಾಸ ಎಲ್ಲರಿಗೂ ಗೊತ್ತು: ನೀಲಿ-ನೇರಳೆ 435.8, ಹಸಿರು 546.1, ಹಳದಿ ಜೋಡಿ 577.0 ಮತ್ತು 579.1 ನ್ಯಾನೊಮೀಟರ್. ಕೊಳವೆಯ ಒಳಮೈಗೆ ಬಳಿದ ಪುಡಿಯಲ್ಲಿ ಟರ್ಬಿಯಂ, ಯುರೋಪಿಯಂ ಎಂಬ ವಿರಳ ಭಸ್ಮ ಲೋಹಗಳಿದ್ದರೆ ಅವೂ ತಮ್ಮ ಬಣ್ಣ ಸೇರಿಸುತ್ತವೆ. ಯುರೋಪಿಯಂನದು 611ರ ಸುಮಾರಿನ ಕಡುಕೆಂಪು-ಕಿತ್ತಳೆ, ಟರ್ಬಿಯಂನದು 542ರ ಸುಮಾರಿನ ಹಸಿರು.

ಈ ಟರ್ಬಿಯಂ ಹಸಿರೇ ಸಂದಿಯ ಪರೀಕ್ಷೆಗೆ ಹೇಳಿ ಮಾಡಿಸಿದ್ದು. ಪಾದರಸದ ಹಸಿರಿಗೂ ಇದಕ್ಕೂ ಇರುವ ಅಂತರ ಸುಮಾರು ನಾಲ್ಕು ನ್ಯಾನೊಮೀಟರ್ ಮಾತ್ರ. ಸಂದಿ ಒಂದು ಮಿಲಿಮೀಟರ್ ಇದ್ದಾಗ ಹಸಿರು ಒಂದೇ ದಪ್ಪ ಪಟ್ಟಿ. 0.2 ಮಿ.ಮೀ.ಗೆ ಇಳಿಸಿದರೆ ಎರಡಾಗಿ ಸೀಳುತ್ತದೆ, ಒಂದು ಚೂಪು, ಪಕ್ಕದಲ್ಲಿ ಇನ್ನೊಂದು ಸ್ವಲ್ಪ ಮೃದು. ಲೆಕ್ಕವೂ ಒಪ್ಪುತ್ತದೆ: 20 ಸೆಂ.ಮೀ. ದೂರದಿಂದ 0.2 ಮಿ.ಮೀ. ಸಂದಿ ಒಂದು ರೇಡಿಯನ್ನಿನ (ಕೋನದ ಅಳತೆ, ಸುಮಾರು 57 ಡಿಗ್ರಿ) ಸಾವಿರದ ಒಂದು ಭಾಗದಷ್ಟು ಅಗಲ ಕಾಣುತ್ತದೆ. 45 ಡಿಗ್ರಿ ಓರೆಯ ಡಿವಿಡಿಯಲ್ಲಿ ಅದು ಸುಮಾರು ಅರ್ಧ ನ್ಯಾನೊಮೀಟರಿಗೆ ಸಮ. ಒಂದು ಮಿಲಿಮೀಟರ್ ಸಂದಿಗೆ ಅದೇ ಎರಡೂವರೆ ನ್ಯಾನೊಮೀಟರ್ ಮೀರುತ್ತದೆ, ಫೋಕಸ್ಸಿನ ಮಸುಕೂ ಸೇರಿದರೆ ಟರ್ಬಿಯಂ ಬೇರೆಯಾಗಿ ಕಾಣುವುದು ಕಷ್ಟ.

ಮೊಬೈಲ್ ಕ್ಯಾಮೆರಾ ತಾನಾಗಿಯೇ ಬೆಳಕು ಹೆಚ್ಚಿಸಿಕೊಳ್ಳಲು ನೋಡುತ್ತದೆ. ಹೆಚ್ಚಿನ ಭಾಗ ಕಪ್ಪಾಗಿರುವ ಚಿತ್ರ ಕಂಡ ಕೂಡಲೇ ಎಕ್ಸ್‌ಪೋಷರ್ ಏರಿಸಿ ರೇಖೆಗಳನ್ನು ಬಿಳಿ ಮಾಡಿಬಿಡುತ್ತದೆ. ಪರದೆಯ ಮೇಲೆ ರೇಖೆಯನ್ನೇ ಒತ್ತಿಹಿಡಿದು ಫೋಕಸ್, ಎಕ್ಸ್‌ಪೋಷರ್ ಎರಡನ್ನೂ ಬೀಗ ಹಾಕಿ, ಬೆಳಕು ಇಳಿಸಿ ತೆಗೆಯಬೇಕು.

ಸಂದಿಗೆ ಬೇಕಾದ ಒಂದು ರಿಪೇರಿ ಇಲ್ಲೇ ಹೇಳಿಬಿಡುತ್ತೇನೆ. ರೋಹಿತದ ಉದ್ದಕ್ಕೂ, ನೇರಳೆಯಿಂದ ಕೆಂಪಿನವರೆಗೆ ಅಡ್ಡಡ್ಡವಾಗಿ ಓಡುವ ಸಣ್ಣ ಕಪ್ಪು ಗೀಟುಗಳು ಕಂಡರೆ ಅವು ಯಾವ ಧಾತುವಿನವೂ ಅಲ್ಲ. ಸಂದಿಯಲ್ಲಿ ಧೂಳಿನ ಕಣ ಸಿಕ್ಕಿಕೊಂಡಿದೆ. ಕಣವಿರುವ ಎತ್ತರದಲ್ಲಿ ಬೆಳಕು ಒಳಬರದು, ಹಾಗಾಗಿ ಆ ಎತ್ತರದಲ್ಲಿ ಎಲ್ಲ ಬಣ್ಣಗಳ ನಕಲಿನಲ್ಲೂ ಅದೇ ಕತ್ತಲೆ. ದೀಪದ ಗುಣ ಲಂಬ ಗೆರೆಯಾಗಿ ಬರುತ್ತದೆ, ಕೊಳೆ ಅಡ್ಡ ಗೆರೆಯಾಗಿ ಬರುತ್ತದೆ. ಬೆಂಕಿಕಡ್ಡಿಯ ತುದಿಯನ್ನು ಉಳಿಯಂತೆ ತೆಳ್ಳಗೆ ಚೂಪು ಮಾಡಿ ಸಂದಿಯಲ್ಲಿ ಒಮ್ಮೆ ಮೇಲಿನಿಂದ ಕೆಳಕ್ಕೆ ಎಳೆದರೆ ಸರಿಹೋಗುತ್ತದೆ. ಬಟ್ಟೆ, ಹತ್ತಿ ಬೇಡ, ಅವು ಇನ್ನಷ್ಟು ನಾರು ಬಿಟ್ಟುಹೋಗುತ್ತವೆ.

ಬಣ್ಣಕ್ಕೆ ಅಂಕಿ

ಚಿತ್ರದಲ್ಲಿ ರೇಖೆ ಎಷ್ಟನೆಯ ಪಿಕ್ಸೆಲಿನಲ್ಲಿದೆ ಎಂದು ನೋಡಬೇಕು. ಯಾವುದಾದರೂ ಚಿತ್ರ ತಿದ್ದುವ ತಂತ್ರಾಂಶದಲ್ಲಿ ಮೌಸ್ ಇಟ್ಟರೆ ಅಂಕಿ ಸಿಗುತ್ತದೆ. ಇಮೇಜ್‌ಜೆ ಎಂಬ ಉಚಿತ ತಂತ್ರಾಂಶ ರೋಹಿತದುದ್ದಕ್ಕೂ ಬೆಳಕಿನ ಏರಿಳಿತದ ನಕ್ಷೆಯನ್ನೇ ಬರೆದುಕೊಡುತ್ತದೆ. ನನ್ನ ಒಂದು ಚಿತ್ರದಲ್ಲಿ ಪಾದರಸದ ನೀಲಿ 1640ನೇ ಪಿಕ್ಸೆಲ್, ಹಸಿರು 2111. ತರಂಗದೂರದ ವ್ಯತ್ಯಾಸ 110.3 ನ್ಯಾನೊಮೀಟರ್, ಪಿಕ್ಸೆಲುಗಳ ವ್ಯತ್ಯಾಸ 471. ಭಾಗಿಸಿದರೆ ಒಂದು ಪಿಕ್ಸೆಲಿಗೆ 0.234 ನ್ಯಾನೊಮೀಟರ್. ಇನ್ನೊಂದು ಕೆಂಪು ರೇಖೆ 2391ರಲ್ಲಿತ್ತು. ಹಸಿರಿನಿಂದ 280 ಪಿಕ್ಸೆಲ್ ಆಚೆ, ಅಂದರೆ 65.6 ನ್ಯಾನೊಮೀಟರ್ ಆಚೆ, 546.1ಕ್ಕೆ ಕೂಡಿಸಿದರೆ 611.7. ಯುರೋಪಿಯಂ ಸಿಕ್ಕಿಬಿತ್ತು.

ಇಷ್ಟು ಸರಳ ಗುಣಾಕಾರ ನಡೆಯುವುದಕ್ಕೆ ಕಾರಣ ಆ 45 ಡಿಗ್ರಿ. ಬಣ್ಣಗಳು ಗ್ರೇಟಿಂಗಿನಿಂದ ಹೆಚ್ಚುಕಡಿಮೆ ನೇರವಾಗಿ ಹೊರಡುವಾಗ ಕೋನಗಳು ಚಿಕ್ಕವು, ತರಂಗದೂರ ಮತ್ತು ಪಿಕ್ಸೆಲ್ ಒಂದೇ ಹೆಜ್ಜೆಯಲ್ಲಿ ಸಾಗುತ್ತವೆ. ಗ್ರೇಟಿಂಗನ್ನು ಪೆಟ್ಟಿಗೆಗೆ ನೆಟ್ಟಗೆ ಅಂಟಿಸಿ ಪಕ್ಕದಿಂದ ಇಣುಕುವ ಮಾದರಿಗಳಲ್ಲಿ ಈ ಸೌಕರ್ಯವಿಲ್ಲ. ಮೊಬೈಲನ್ನು ಪೆಟ್ಟಿಗೆಯಿಂದ ತೆಗೆದು ಮತ್ತೆ ಇಟ್ಟರೆ ಪಿಕ್ಸೆಲ್ ಸಂಖ್ಯೆಗಳೆಲ್ಲ ಸರಿಯುತ್ತವೆ. ಪ್ರತಿ ಸಲವೂ ಮೊದಲು ಸಿಎಫ್‌ಎಲ್ ಚಿತ್ರ, ಆಮೇಲೆ ಬೇಕಾದ ದೀಪ.

ಏನೇನು ನೋಡಿದೆ

ಬಿಳಿ ಎಲ್‌ಇಡಿ: 450ರ ಸುಮಾರಿನಲ್ಲಿ ನೀಲಿಯ ಗುಡ್ಡ, ನಂತರ ಒಂದು ತಗ್ಗು, ಆಮೇಲೆ ಹಸಿರಿನಿಂದ ಕೆಂಪಿನವರೆಗೆ ಅಗಲವಾದ ದಿಬ್ಬ. ಒಳಗಿರುವುದು ನೀಲಿ ಎಲ್‌ಇಡಿಯೇ; ಅದರ ಮೇಲಿನ ಹಳದಿ ಪುಡಿ ನೀಲಿಯ ಒಂದು ಪಾಲನ್ನು ನುಂಗಿ ಉಳಿದ ಬಣ್ಣಗಳನ್ನು ಉಗುಳುತ್ತದೆ. ಚಿತ್ರದಲ್ಲಿ ಹಳದಿ ಬಹಳ ಇಕ್ಕಟ್ಟಾಗಿ ಕಾಣುತ್ತದೆ, ಆದರೆ ಅದು ದೀಪದ ತಪ್ಪಲ್ಲ. ಕ್ಯಾಮೆರಾದಲ್ಲಿರುವುದು ಕೆಂಪು, ಹಸಿರು, ನೀಲಿ ಸೋಸುಗಗಳು (ಫಿಲ್ಟರುಗಳು) ಮಾತ್ರ. ಬಣ್ಣವನ್ನು ನಂಬಬೇಡಿ, ಪಿಕ್ಸೆಲ್ ಸಂಖ್ಯೆಯನ್ನು ನಂಬಿ.

ಸ್ವಿಚ್‌ಬೋರ್ಡಿನ ಕಿತ್ತಳೆ ಬಣ್ಣದ ಪುಟ್ಟ ಸೂಚಕ ದೀಪ: ಹಳೆಯ ಬಗೆಯದಾದರೆ ಅದರೊಳಗೆ ನಿಯಾನ್ ಅನಿಲ. ಹಳದಿಯ 585ರಿಂದ ಶುರುವಾಗಿ ಕೆಂಪಿನ ತುಂಬ ರೇಖೆಗಳ ದಂಡು, 640ರದು ಎದ್ದು ಕಾಣುತ್ತದೆ. ಅಷ್ಟು ಚಿಕ್ಕ ದೀಪದಲ್ಲಿ ಇಷ್ಟೊಂದು ರೇಖೆಗಳಿರುತ್ತವೆಂದು ನಾನು ನಿರೀಕ್ಷಿಸಿರಲಿಲ್ಲ. ದೂರದಿಂದಲೇ ನೋಡಿ, ಬೋರ್ಡು ಬಿಚ್ಚುವ ಕೆಲಸವಿಲ್ಲ.

ಗ್ಯಾಸ್ ಒಲೆಯ ನೀಲಿ ಜ್ವಾಲೆ ಇನ್ನೊಂದು ಬಗೆ. ರೇಖೆಗಳ ಬದಲು ಪಟ್ಟೆಗಳು, ಒಂದು ಬದಿ ಚೂಪು, ಇನ್ನೊಂದು ಬದಿಗೆ ನಿಧಾನವಾಗಿ ಮಾಸುವಂಥವು. ಎರಡು ಇಂಗಾಲದ ಪರಮಾಣುಗಳು ಜೋಡಿಯಾದ ಅಣುವಿನ ಪಟ್ಟೆಗಳಿವು, 516 ಮತ್ತು 473 ನ್ಯಾನೊಮೀಟರ್ ಸುಮಾರಿನಲ್ಲಿ. ಸ್ವಾನ್ ಪಟ್ಟೆಗಳೆಂದು ಹೆಸರು. ಧೂಮಕೇತುಗಳ ಹಸಿರು ಹೊಳಪಿನಲ್ಲೂ ಇವೇ ಇರುತ್ತವೆ. ಬೆಳಕು ಮಂದವಾದ್ದರಿಂದ ಕೋಣೆ ಕತ್ತಲಾಗಿರಬೇಕು, ಕ್ಯಾಮೆರಾಕ್ಕೆ ಕೆಲವು ಸೆಕೆಂಡಿನ ಎಕ್ಸ್‌ಪೋಷರ್ ಬೇಕು.

ಎಲೆಗಳನ್ನು ಜಜ್ಜಿ ಆಲ್ಕೋಹಾಲಿನಲ್ಲಿ ನೆನೆಸಿ ಸೋಸಿದ ಹಸಿರು ದ್ರವವನ್ನು ಗಾಜಿನ ಲೋಟದಲ್ಲಿ ಇಟ್ಟು, ಹಿಂದೆ ತಂತಿ ಬಲ್ಬು ಹಚ್ಚಿದೆ. ದ್ರವಕ್ಕೆ ಬೆಂಕಿ ತಾಗುವಂತಿಲ್ಲ, ಬಲ್ಬಿನ ಬಿಸಿಯಿಂದಲೂ ದೂರ. ಕೆಂಪಿನಲ್ಲಿ 660ರ ಆಸುಪಾಸು ಒಂದು ಅಗಲವಾದ ಕಪ್ಪು ಪಟ್ಟೆ, ನೀಲಿಯ ಕಡೆ ಬಹುಪಾಲು ಕತ್ತಲೆ, ನಡುವೆ ಹಸಿರು ಆರಾಮಾಗಿ ಉಳಿದಿದೆ. ಕ್ಲೋರೊಫಿಲ್ ತಿನ್ನದೆ ಬಿಟ್ಟ ಬಣ್ಣವೇ ಎಲೆಯ ಬಣ್ಣ.

ಇನ್ನು ಬಿಸಿಲು. ಪೆಟ್ಟಿಗೆಯನ್ನು ಸೂರ್ಯನತ್ತ ತಿರುಗಿಸಲೇ ಕೂಡದು, ಕಣ್ಣಿಟ್ಟು ನೋಡುವವರಂತೂ ಯೋಚನೆಯನ್ನೂ ಮಾಡಬಾರದು. ಬಿಸಿಲು ಬಿದ್ದ ಬಿಳಿ ಕಾಗದ ಅಥವಾ ಬೆಳ್ಳಗಿನ ಮೋಡ ಸಾಕು. ಅಲ್ಲಿಂದ ಬರುವುದೂ ಸೂರ್ಯನ ಬೆಳಕೇ. ಸಂದಿ 0.2 ಮಿ.ಮೀ.ನಲ್ಲಿ ಫ್ರಾನ್‌ಹೋಫರನ ಕಪ್ಪು ಗೆರೆಗಳು ಎದ್ದು ಬಂದವು: ನೀಲಿ-ಹಸಿರಿನಲ್ಲಿ ಹೈಡ್ರೋಜನ್‌ನ 486, ಹಸಿರಿನಲ್ಲಿ ಮೆಗ್ನೀಷಿಯಂನ 517ರ ಗುಂಪು, ಹಳದಿಯಲ್ಲಿ ಸೋಡಿಯಂನ 589, ಕೆಂಪಿನಲ್ಲಿ ಮತ್ತೆ ಹೈಡ್ರೋಜನ್, 656. ಸೂರ್ಯನ ಹೊರಪದರದ ಪರಮಾಣುಗಳು ತಮಗೆ ಬೇಕಾದ ತರಂಗದೂರಗಳನ್ನು ತಡೆದು ಇಟ್ಟುಕೊಂಡ ಜಾಗಗಳಿವು. 687ರ ಹತ್ತಿರದ ಕಪ್ಪು ಪಟ್ಟೆಗೆ ಮಾತ್ರ ಸೂರ್ಯನ ಸಂಬಂಧವಿಲ್ಲ. ಅದು ನಮ್ಮ ತಲೆಯ ಮೇಲಿನ ಗಾಳಿಯ ಆಕ್ಸಿಜನ್ ಮಾಡಿದ್ದು. ಮೊಬೈಲಿನ ಸೋಸುಗ ಕಡುಕೆಂಪನ್ನು ತಡೆಯುವುದರಿಂದ ಅದು ಎಲ್ಲ ಫೋನುಗಳಲ್ಲೂ ಸಿಗದು. ಸೂರ್ಯ ಮುಳುಗುವ ಹೊತ್ತಿನ ಆಕಾಶದಲ್ಲಿ ಗಾಳಿಯ ದಾರಿ ಉದ್ದವಾಗಿ ಈ ಪಟ್ಟೆ ಇನ್ನಷ್ಟು ಗಾಢವಾಗುತ್ತದೆ.

ಸೋಡಿಯಂ ಮತ್ತು ಅರ್ಧ ನ್ಯಾನೊಮೀಟರ್

1868ರ ಆಗಸ್ಟ್ 18ರ ಸೂರ್ಯಗ್ರಹಣವನ್ನು ಫ್ರಾನ್ಸಿನ ಖಗೋಳಜ್ಞ ಜಾನ್ಸೆನ್ ಗುಂಟೂರಿನಿಂದ ರೋಹಿತದರ್ಶಕದಲ್ಲಿ ನೋಡಿದ. ಅದೇ ವರ್ಷ ಇಂಗ್ಲೆಂಡಿನಲ್ಲಿ ಲಾಕ್ಯರ್ ಸಹ ಸೂರ್ಯನ ಅಂಚನ್ನು ಪರೀಕ್ಷಿಸಿದ. ಸೂರ್ಯನ ಜ್ವಾಲೆಗಳಲ್ಲಿದ್ದ ಒಂದು ಹಳದಿ ರೇಖೆ ಸೋಡಿಯಂ ರೇಖೆಗಳ ಹತ್ತಿರವಿತ್ತು, ಆದರೆ ಅವುಗಳ ಮೇಲೆ ಬೀಳುತ್ತಿರಲಿಲ್ಲ. ಭೂಮಿಯ ಮೇಲೆ ಆಗ ಗೊತ್ತಿದ್ದ ಯಾವ ಧಾತುವಿಗೂ ಅದು ಹೊಂದಲಿಲ್ಲ. ಹೀಲಿಯಂ ಸುಳಿವು ಸಿಕ್ಕಿದ್ದು ಹಾಗೆ. ಭೂಮಿಯ ಖನಿಜದಲ್ಲಿ ಅದನ್ನು ರಸಾಯನಶಾಸ್ತ್ರಜ್ಞ ರಾಮ್ಸೆ ಹಿಡಿದದ್ದು 1895ರಲ್ಲಿ. ಹೀಲಿಯಂ ರೇಖೆ 587.6, ಸೋಡಿಯಂ ಜೋಡಿ 589.0 ಮತ್ತು 589.6. ಒಂದೂವರೆ ನ್ಯಾನೊಮೀಟರಿಗಿಂತ ಕಡಿಮೆ ಅಂತರದಲ್ಲಿ ಒಂದು ಹೊಸ ಧಾತು ಅಡಗಿತ್ತು. ನಮ್ಮ ರಟ್ಟಿನ ಪೆಟ್ಟಿಗೆ ಲೆಕ್ಕದ ಪ್ರಕಾರ ಈ ಎರಡನ್ನು ಬೇರ್ಪಡಿಸಬಲ್ಲದು. ಸಂದಿ ಒಂದು ಮಿಲಿಮೀಟರ್ ಇದ್ದಿದ್ದರೆ ಸಾಧ್ಯವೇ ಇರಲಿಲ್ಲ.

ಹಾಗಾದರೆ ಸೋಡಿಯಂನ ಜೋಡಿಯನ್ನೇ ಬಿಡಿಸಬಹುದೇ? ಅಂತರ 0.6 ನ್ಯಾನೊಮೀಟರ್. ದೊಡ್ಡವರೊಬ್ಬರು ಉಪ್ಪುನೀರಿನಲ್ಲಿ ನೆನೆದ ಬತ್ತಿಯನ್ನು ಉದ್ದನೆಯ ತಂತಿಗೆ ಸುತ್ತಿ ನೀಲಿ ಜ್ವಾಲೆಯಲ್ಲಿ ಹಿಡಿದರು, ಜ್ವಾಲೆ ಗಾಢ ಹಳದಿಯಾಯಿತು. ಪೆಟ್ಟಿಗೆಯಲ್ಲಿ ಒಂದೇ ಒಂದು ಹಳದಿ ರೇಖೆ. ಬ್ಲೇಡು ಸಡಿಲಿಸಿ, ಒಂದೇ ಹಾಳೆ ಕಾಗದ ಇಟ್ಟು ಸಂದಿಯನ್ನು 0.1 ಮಿ.ಮೀ.ಗೆ ಇಳಿಸಿದೆ. ಈಗ ಲೆಕ್ಕದಲ್ಲಿ ಕಾಲು ನ್ಯಾನೊಮೀಟರ್ ಸಿಗಬೇಕು. ಬೆಳಕಿನ ನಕ್ಷೆಯಲ್ಲಿ ರೇಖೆಯ ತಲೆ ಚೂಪಾಗಿರದೆ ಚಪ್ಪಟೆಯಾಗಿತ್ತು, ನಡುವೆ ತಗ್ಗು ಇದೆಯೋ ಇಲ್ಲವೋ ಎನ್ನುವಂತಿತ್ತು. ಎರಡು ಶಿಖರ ಎಂದು ಹೇಳಲು ನನಗೆ ಧೈರ್ಯ ಬರಲಿಲ್ಲ. ಅಡ್ಡಿ ಈಗ ಸಂದಿಯದಲ್ಲ: ಜೋಡಿಯ ಅಂತರ ಬರೀ ಎರಡೂವರೆ ಪಿಕ್ಸೆಲ್, ಬಿಡಿಸಿದ ಪ್ಲಾಸ್ಟಿಕ್ ಹಾಳೆ ಪೂರ್ತಿ ಸಮತಟ್ಟಲ್ಲ, ಫೋಕಸ್ಸೂ ಕೂದಲೆಳೆಯಷ್ಟು ಆಚೀಚೆ.

ಹಳದಿ ಬೀದಿದೀಪ ಇನ್ನೂ ಸ್ವಾರಸ್ಯ. ಅಧಿಕ ಒತ್ತಡದ ಸೋಡಿಯಂ ದೀಪದಲ್ಲಿ 589ರ ಜಾಗದಲ್ಲಿ ರೇಖೆ ಹೊಳೆಯುವ ಬದಲು ಕಪ್ಪಾಗಿರುತ್ತದೆ, ಅದರ ಎರಡೂ ಬದಿಗೆ ಹಳದಿ ಹರಡಿಕೊಂಡಿರುತ್ತದೆ. ಕೊಳವೆಯ ಒಳಗಿನ ಬಿಸಿ ಆವಿ ಸೂಸಿದ ಬೆಳಕನ್ನು ಅಂಚಿನ ತಂಪು ಸೋಡಿಯಂ ಆವಿಯೇ ಹೀರುತ್ತದೆ. ಸೂರ್ಯನ ಕಪ್ಪು ಗೆರೆಯ ಕತೆಯೇ ಇಲ್ಲಿ ಒಂದು ದೀಪದೊಳಗೆ ನಡೆಯುತ್ತಿದೆ. ಇದನ್ನು ನೋಡಲು 0.2 ಮಿ.ಮೀ. ಸಂದಿ ಧಾರಾಳ.

ಸೋಡಿಯಂ ಜೋಡಿಗಾಗಿ 40 ಸೆಂ.ಮೀ. ಉದ್ದದ ಇನ್ನೊಂದು ಪೆಟ್ಟಿಗೆಗೆ ರಟ್ಟು ಕತ್ತರಿಸಿ ಇಟ್ಟಿದ್ದೇನೆ. ದೂರ ಎರಡರಷ್ಟಾದರೆ ಅದೇ ಸಂದಿ ಅರ್ಧ ಅಗಲ ಕಾಣುತ್ತದೆ. ಪಿಕ್ಸೆಲ್ಲಿನ ತೊಂದರೆಗೆ ಫೋನಿನ ಎರಡನೆಯ, ದೂರದ್ದನ್ನು ಹತ್ತಿರ ತೋರಿಸುವ ಲೆನ್ಸ್ ಬಳಸಬೇಕು. ಅದು 40 ಸೆಂ.ಮೀ.ಗೆ ಫೋಕಸ್ ಆಗುತ್ತದೆಯೇ ಎಂಬುದನ್ನು ಮೊದಲು ನೋಡಬೇಕು, ಆಗದಿದ್ದರೆ ಪೆಟ್ಟಿಗೆಯನ್ನು ಇನ್ನೂ ಉದ್ದ ಮಾಡಬೇಕಾಗುತ್ತದೆ. ಬ್ಲೇಡುಗಳು ಅವೇ.